ತಟ್ಟೆಯಿಂದ ಮೂಡಿದ ಎರಡು ಗೆರೆ

ಐವತ್ತರ ಹತ್ತಿರವಿದ್ದ ನಮ್ಮ ಮೇಡಂ ಚೆನ್ನೈನ ಪ್ರಯೋಗಾಲಯದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸುತ್ತಿದ್ದರು. ಆ ಕೋಶಗಳು ಬಸುರಿಯರ ಹಾರ್ಮೋನನ್ನು ಸ್ರವಿಸುತ್ತಿದ್ದವು. "ಶ್ವಾಸಕೋಶಕ್ಕೆ ಯಾಕಮ್ಮಾ ಈ ಉಸಾಬರಿ?" ಎಂದು ಮೇಡಂ ಕನ್ನಡಕವನ್ನು ಹಣೆಗೇರಿಸಿ ಅವುಗಳನ್ನೇ ಗದರುತ್ತಿದ್ದರು.

ಒಮ್ಮೆ ಅದನ್ನು ವಿದ್ಯಾರ್ಥಿಗಳಾದ ನಮಗೆ ತೋರಿಸಲೆಂದು, ನನ್ನನ್ನು ಕರೆದುಕೊಂಡು ಪುರಸೈವಾಕ್ಕಂನ ಮೆಡಿಕಲ್ ಶಾಪಿಗೆ ಹೋಗಿ ಬಸುರು ಪರೀಕ್ಷೆಯ ಕಿಟ್ ಕೊಂಡರು. ಅಂಗಡಿಯವನು "ನಲ್ಲ ಸೇದಿ ವರುಂ ಮಾ", ಒಳ್ಳೆ ಸುದ್ದಿ ಬರುತ್ತಮ್ಮಾ, ಎಂದು ತಮಿಳಿನಲ್ಲಿ ಹರಸಿದ. ಮೇಡಂ ನಕ್ಕು, "ಥ್ಯಾಂಕ್ಸ್ ಪಾ" ಎಂದರು.

ತಟ್ಟೆಯ ದ್ರವವನ್ನು ಕಿಟ್‌ಗೆ ಬಿಟ್ಟಾಗ ಎರಡು ಗೆರೆ ಮೂಡಿದವು; ಅಂದರೆ ಬಸುರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮೇಡಂ ಮಾತ್ರ ಆ ಗೆರೆಗಳನ್ನೇ ನೋಡುತ್ತ ನನಗೆ ಹೇಳಿದರು:

"ಎಷ್ಟು ವರ್ಷ ಕಾದೆ ಕಣೇ, ನನಗೆ ಯಾವಾಗಲೂ ಒಂದೇ ಗೆರೆ. ಇದಕ್ಕೆ ನೋಡು, ಕೇಳದೇನೇ ಬಂತು."

ಆಮೇಲೆ ಕೋಶಗಳಿಗೆ ಹೊಸ ಆಹಾರ ಹಾಕಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಮೆಲ್ಲಗೆ ಬಾಗಿಲು ಮುಚ್ಚಿದರು.