ತಂಗಿಯ ಪಾಲು

ಕೆಳಗಿನ ಮನೆಯವರು ಅಳ್ಳು ಹುರಿಯುತ್ತಿದ್ದರು. ಕಾದ ಬೋಗುಣಿಯಲ್ಲಿ ಜೋಳ ಚಟಪಟ ಸಿಡಿದು ಅರಳುವಾಗ ಏಳುವ ವಾಸನೆ, ಸ್ವಲ್ಪ ಸುಟ್ಟಂತೆ, ಸ್ವಲ್ಪ ಸಿಹಿಯಾಗಿ, ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂತು. ನಾಗರ ಪಂಚಮಿಗೆ ಇನ್ನು ನಾಲ್ಕೇ ದಿನ ಎಂದು ಆಗ ಹೊಳೆಯಿತು. ಜಮಖಂಡಿಯ ಈ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ ಇರುವುದು. ಕಾಲೇಜಿನ ಪಾಠ, ಉತ್ತರ ಪತ್ರಿಕೆ, ಒಂದು ಹೊತ್ತಿನ ಅಡುಗೆ... ಹಬ್ಬ ಬಂದರೆ ರಜೆ ಎಂದಷ್ಟೇ ಗೊತ್ತಾಗುತ್ತದೆ. ಆ ವಾಸನೆಗೆ ಮಾತ್ರ ಕೈಯಲ್ಲಿದ್ದ ಪೆನ್ನು ನಿಂತಿತು. ಸಣ್ಣತ್ತೆ ನೆನಪಾದಳು.

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಆಗ ನನಗೆ ಹನ್ನೊಂದು ವರ್ಷ. ದಿನಚರಿ ಬರೆಯಲು ಶುರು ಮಾಡಿದ್ದು ಅದಾದ ಎರಡು ವರ್ಷದ ಮೇಲೆ. ಒಂದೇ ಬೆಳಗನ್ನು ನಾನು ಬೇರೆ ಬೇರೆ ವರ್ಷಗಳಲ್ಲಿ ಮೂರು ಸಲ ಬರೆದಿಟ್ಟಿದ್ದೇನೆ. ಒಂದರಲ್ಲಿ ಅತ್ತೆ ಹಸಿರು ಸೀರೆ ಉಟ್ಟಿದ್ದಾಳೆ, ಇನ್ನೊಂದರಲ್ಲಿ ನೀಲಿ. ಮೂರನೆಯದರಲ್ಲಿ ಜಿಟಿಜಿಟಿ ಮಳೆ ಇದೆ, ಉಳಿದ ಎರಡರಲ್ಲಿ ಬಿಸಿಲು. ಮೂರರಲ್ಲೂ ಬದಲಾಗದೆ ಉಳಿದಿರುವುದು ನಾನು ಆಡಿದ ಒಂದು ಮಾತು.

ಸಣ್ಣತ್ತೆ ನನ್ನ ಅಪ್ಪನ ಕೊನೆಯ ತಂಗಿ. ಬನಹಟ್ಟಿಯ ನಮ್ಮ ನೇಕಾರರ ಮನೆಯಿಂದ ಸಾವಳಗಿಯ ಒಕ್ಕಲುತನದ ಮನೆಗೆ ಕೊಟ್ಟಿದ್ದರು. ಮಗ್ಗದ ಸಪ್ಪಳದ ಮೇಲೆ ಮಾತಾಡಿ ಬೆಳೆದವಳಾದ್ದರಿಂದ ಅವಳ ದನಿ ಬಹಳ ದೊಡ್ಡದು. ಮದುವೆಯಾದ ಹೊಸದರಲ್ಲಿ, “ನಿಮ್ಮ ಮಗಳು ಚಹಾಕ್ಕ ಕರದ್ರ ಹೊಲದಾಗಿನ ಎತ್ತ ಸುದ್ದಾ ಮನೀಗೆ ಬರತಾವ್ರೀ” ಎಂದು ಅವಳ ಅತ್ತೆ ಹೇಳಿದ್ದನ್ನು ನಮ್ಮ ಮನೆಯಲ್ಲಿ ಎಲ್ಲರೂ ಹೇಳಿ ನಗುತ್ತಿದ್ದರು. ಪ್ರತಿ ಪಂಚಮಿಗೂ ತವರಿಗೆ ಬರುವಳು. ಅವಳಿಗೆ ಒಬ್ಬಳೇ ಮಗಳು. ನಾನು ಆ ಕೂಸನ್ನು ತಂಗಿ ಎಂದೇ ಕರೆಯುತ್ತಿದ್ದೆ. ನನಗೆ ಬೇರೆ ತಂಗಿ ಇರಲಿಲ್ಲ.

ಪಂಚಮಿಯ ಹಿಂದಿನ ದಿನ, ಚೌತಿಯಂದು, ನಮ್ಮಲ್ಲಿ ಹೆಂಗಸರು ನಾಗಪ್ಪನ ಕಲ್ಲಿಗೆ ಹಾಲೆರೆಯುತ್ತಾರೆ. ಒಣಕೊಬ್ಬರಿಯ ಬಟ್ಟಲಲ್ಲಿ ಹಾಲು, ಒಂದು ಚೂರು ಬೆಲ್ಲ. ಗರಿಕೆಯ ಎಸಳು ಅದ್ದಿ, ಹೆಡೆಯ ಮೇಲೆ ಹನಿ ಹನಿಯಾಗಿ ಬಿಡುತ್ತ ಮನೆಯ ಒಬ್ಬೊಬ್ಬರ ಪಾಲನ್ನೂ ಹೇಳಬೇಕು. ದೇವರ ಪಾಲು, ಹಿರಿಯರ ಪಾಲು, ಅಪ್ಪನ ಪಾಲು, ಅವ್ವನ ಪಾಲು... ಊರಲ್ಲಿಲ್ಲದವರ ಪಾಲನ್ನೂ ಬಿಡುವಂತಿಲ್ಲ. ಬಿಟ್ಟುಹೋದವರನ್ನು ನಾಗಪ್ಪ ಕಾಯುವುದಿಲ್ಲ ಎಂದು ನನ್ನ ಅಜ್ಜಿ ನಂಬಿದ್ದಳು. ನಾವು ಅವಳನ್ನು ಆಯಿ ಎನ್ನುತ್ತಿದ್ದೆವು. ಆಯಿಗೆ ಮರೆವು ಹತ್ತಿದ ಮೇಲೆ ಪಾಲು ಕೂಗುವ ಕೆಲಸ ನನ್ನದಾಯಿತು. ನಾನು ಹೇಳಿದ್ದನ್ನು ಉಳಿದವರು ಹೇಳಿ ಹನಿ ಬಿಡುವರು. ನನ್ನ ಪಟ್ಟಿ ಬಾಯಿಪಾಠವಾಗಿತ್ತು. ಅತ್ತಿ ಪಾಲು, ಮಾಮಾನ ಪಾಲು, ಕಟ್ಟಕಡೆಗೆ ತಂಗಿ ಪಾಲು.

ನಾನು ಹೇಳಹೊರಟ ಬೆಳಗಿನ ಹಿಂದಿನ ವರ್ಷ, ನಾನು ತಂಗಿ ಪಾಲು ಎಂದದ್ದೇ ತಡ, ಅವಳು “ನಂದು! ನಂದು!” ಎಂದು ಕೂಗಿ, ಅತ್ತೆಯ ಕೈಯಿಂದ ಬಟ್ಟಲು ಕಸಿದು, ಹಾಲನ್ನೆಲ್ಲ ನಾಗಪ್ಪನ ತಲೆಗೆ ಸುರಿದಿದ್ದಳು. “ಏ ಮಾರಾಯ್ತಿ, ನಾಗಪ್ಪನ ಹೊಟ್ಟಿ ಒಡದೀತ ಬೇ!” ಎಂದು ಆಯಿ ನಕ್ಕಳು. ಸಾಲಿನಲ್ಲಿ ನಿಂತಿದ್ದ ಓಣಿಯ ಹೆಂಗಸರೆಲ್ಲ ನಕ್ಕರು. ಅತ್ತೆಯ ನಗು ಎಲ್ಲರಿಗಿಂತ ಜೋರಾಗಿತ್ತು.

ಅದೇ ಚಳಿಗಾಲದಲ್ಲಿ ಮೂರು ದಿನದ ಜ್ವರ ಬಂದು ತಂಗಿ ಹೋದಳು. ನಾಲ್ಕು ವರ್ಷ ತುಂಬಿತ್ತು.

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡುವುದಿಲ್ಲ. ಆ ಕಟ್ಟು ಇದ್ದದ್ದು ಸಾವಳಗಿಯ ಮನೆಗೆ, ತವರಿಗೆ ಇರಲಿಲ್ಲ. ಹಬ್ಬವಿಲ್ಲದ ಮನೆಯಲ್ಲಿ ಮಗಳು ಸುಮ್ಮನೆ ಕೂರಬಾರದು, ಈ ವರ್ಷವಂತೂ ತಪ್ಪದೆ ಕರೆತರಬೇಕು ಎಂದಳು ಆಯಿ. ಅಪ್ಪ ಕರೆತರಲು ಹೋದ ದಿನ, ಆಯಿಯೂ ಅವ್ವನೂ ಸೇರಿ ಮನೆಯಲ್ಲಿ ಕೂಸನ್ನು ನೆನಪಿಸುವ ವಸ್ತುಗಳನ್ನೆಲ್ಲ ತೆಗೆದಿಟ್ಟರು. ತೊಲೆಗೆ ಕಟ್ಟಬೇಕಿದ್ದ ಜೋಕಾಲಿಯ ಹಗ್ಗ ಅಟ್ಟ ಸೇರಿತು. ಮಕ್ಕಳು ದಾರ ಪೋಣಿಸಿ ತಿರುಗಿಸುವ ಕೊಬ್ಬರಿ ಬಟ್ಟಲನ್ನು ನನ್ನಿಂದಲೂ ಕಸಿದುಕೊಂಡರು. ಪಕ್ಕದ ಮನೆಯ ಸಣ್ಣ ಮಕ್ಕಳಿಗೆ ಎರಡು ದಿನ ಇತ್ತ ಬರಬೇಡಿ ಎಂದು ಉಂಡಿ ಕೊಟ್ಟು ಕಳಿಸಿದರು. ಹಬ್ಬಕ್ಕೆಂದು ಮಗ್ಗಗಳೂ ನಿಂತಿದ್ದವು. ಆ ಮನೆ ಅಷ್ಟು ಮೌನವಾಗಿದ್ದುದನ್ನು ನಾನು ಕಂಡಿರಲಿಲ್ಲ.

ಅತ್ತೆ ಬಂದಳು. ಕಾಲು ತೊಳೆದು ಒಳಗೆ ಬಂದವಳೇ ತೊಲೆ ನೋಡಿದಳು.

“ಜೋಕಾಲಿ ಯಾಕ ಕಟ್ಟಿಲ್ಲ ಯವ್ವಾ?”

“ಹಗ್ಗ ಇಲಿ ಕಡದಾವ” ಎಂದಳು ಆಯಿ.

“ಮನಿ ತುಂಬ ನೂಲ ಇಟಗೊಂಡು ನೇಕಾರ್ರು ಹಗ್ಗಿಲ್ಲ ಅಂದ್ರ ಊರ ನಗತೈತಿ” ಎಂದು ಅತ್ತೆ ಸಣ್ಣಗೆ ನಕ್ಕಳು. ಅವಳ ದನಿ ಎಷ್ಟು ಇಳಿದಿತ್ತೆಂದರೆ ನಾವು ಮುಂದೆ ಬಾಗಿ ಕೇಳಬೇಕಾಯಿತು. ಎಲ್ಲರೂ ಇಲಿಗಳ ಬಗ್ಗೆ ಮಾತಾಡಿದರು. ಬಹಳ ಹೊತ್ತು ಇಲಿಗಳ ಬಗ್ಗೆಯೇ ಮಾತಾಡಿದರು...

ಅಂದು ಮಧ್ಯಾಹ್ನ ಅಳ್ಳು ಹಸನು ಮಾಡುತ್ತ ಅವಳ ಪಕ್ಕ ಕುಳಿತಿದ್ದೆ. ಅರಳದ ಕಾಳನ್ನು ಬೇರೆ ತೆಗೆಯುತ್ತ ಅವಳು, “ನಿನ್ನ ತಂಗಿ ಈ ಅರಳದ ಕಾಳನ ಆರಿಸಿ ತಿಂತಿದ್ಲು, ನೆನಪೈತೇನ ನಿನಗ?” ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅವ್ವ ನೀರು ತರಲು ಕೂಗಿದಳು. ಕೊಡ ತುಂಬಿಯೇ ಇತ್ತು. ತಿರುಗಿ ಬರುವಾಗ ಅತ್ತೆಯ ಪಕ್ಕ ಆಯಿ ಕೂತಿದ್ದಳು, ಮಾತು ರೊಟ್ಟಿಗೆ ಹೊರಳಿತ್ತು. ಸಾವಳಗಿಯಲ್ಲಿ ಆರು ತಿಂಗಳಿಂದ ಯಾರೂ ಆ ಕೂಸಿನ ಸುದ್ದಿ ಎತ್ತಿರಲಿಲ್ಲವಂತೆ. ಅದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ತವರಿನಲ್ಲಾದರೂ ಎತ್ತುತ್ತಾರೆ ಎಂದುಕೊಂಡು ಅವಳು ಬಸ್ಸು ಹತ್ತಿರಬೇಕು. ಹೀಗೆ ಬರೆಯುತ್ತಿರುವುದು ಇಂದಿನ ನಾನು. ಆ ಹುಡುಗಿಗೆ ಇದರಲ್ಲಿ ಎಷ್ಟು ಹೊಳೆದಿತ್ತೋ ಗೊತ್ತಿಲ್ಲ.

ಮರುದಿನ ಚೌತಿ. ಓಣಿಯ ಕೊನೆಯ ಬೇವಿನ ಗಿಡದ ಕೆಳಗೆ ನಾಗಪ್ಪನ ಕಲ್ಲು. ಆಯಿ, ಅವ್ವ, ಅತ್ತೆ ಮೂವರೂ ಬಟ್ಟಲು ಹಿಡಿದು ಕೂತರು. ಹಿಂದೆ ಬೇರೆ ಮನೆಯವರ ಸಾಲು. ನಾನು ಶುರು ಮಾಡಿದೆ. ದೇವರ ಪಾಲು. ಹಿರಿಯರ ಪಾಲು ಎನ್ನುವಾಗ ಒಂದು ಕ್ಷಣ ತಡೆದೆ. ತೀರಿಕೊಂಡವರೆಲ್ಲ ಅದರಲ್ಲಿ ಬರುತ್ತಾರೆ ಎಂದು ಆಯಿ ಕಲಿಸಿದ್ದಳು. ನಾಲ್ಕು ವರ್ಷದ ಕೂಸು ಹಿರಿಯಳಾಗುವುದು ಹೇಗೆ? ಬದುಕಿರುವವರ ಜೊತೆ ಹೇಳಿದರೆ ಏನಾಗುತ್ತದೆ? ಯೋಚಿಸುತ್ತಲೇ ಹೇಳುತ್ತ ಹೋದೆ. ಅಪ್ಪನ ಪಾಲು. ಅವ್ವನ ಪಾಲು. ಅಣ್ಣನ ಪಾಲು...

ಹಿಂದಿನಿಂದ ಯಾರೋ, “ಲಗೂ ಮುಗಸ್ರೆವ್ವಾ, ನಿಮ್ಮ ಮನಿ ಪಾಲ ತೀರೂದ್ರಾಗ ನಾಗಪ್ಪ ಮುದುಕ ಆಗ್ತಾನ” ಎಂದರು. ನಗು ಎದ್ದಿತು.

ಅತ್ತಿ ಪಾಲು. ಮಾಮಾನ ಪಾಲು.

ನಾನು ನಿಲ್ಲಿಸಿದೆ. ಆಯಿ, ಅವ್ವ ಇಬ್ಬರೂ ಗರಿಕೆ ಕೆಳಗಿಟ್ಟರು. ಅತ್ತೆ ಇಡಲಿಲ್ಲ. ಅದನ್ನು ಹಾಲಿನಲ್ಲಿ ಅದ್ದಿ ಹೆಡೆಯ ಮೇಲೆ ಹಿಡಿದು ಕಾಯುತ್ತಿದ್ದಳು. ತುದಿಯಲ್ಲಿ ಒಂದು ಹನಿ ಇತ್ತು. ನನ್ನ ಮುಖ ನೋಡಿ, “ಹೂಂ, ಮುಂದ?” ಎಂದಳು.

“ಮುಗೀತು ಅತ್ತಿ” ಎಂದೆ.

ಅವಳು ನನ್ನನ್ನು ನೋಡುತ್ತಲೇ ಇದ್ದಳು. ಸಿಟ್ಟು ಕಂಡ ನೆನಪಿಲ್ಲ. “ಮುಗೀತಾ?” ಎಂದು ಕೇಳಿದಳು, ಬಸ್ಸು ಹೋಯಿತಾ ಎಂದು ಕೇಳುವ ಹಾಗೆ. ಆಮೇಲೆ ಬಟ್ಟಲಲ್ಲಿ ಉಳಿದ ಹಾಲನ್ನು ಏನು ಮಾಡಿದಳೋ, ಆ ಹನಿ ಎಲ್ಲಿ ಬಿತ್ತೋ... ದಿನಚರಿಯ ಮೂರು ಬರಹಗಳಲ್ಲೂ ಆ ಜಾಗ ಖಾಲಿ ಇದೆ.

ಪಂಚಮಿಯ ಊಟಕ್ಕೂ ಅವಳು ನಿಲ್ಲಲಿಲ್ಲ. ಹೊಲದ ಕೆಲಸ ಎಂದಳು. ಹಬ್ಬದ ದಿನ ಎಂಥ ಹೊಲದ ಕೆಲಸ ಎಂದು ಯಾರೂ ಕೇಳಲಿಲ್ಲ. ಆಯಿ ಕಟ್ಟಿಕೊಟ್ಟ ಉಂಡಿಯ ಡಬ್ಬಿಯನ್ನು ಎತ್ತಿಕೊಂಡು ಅಪ್ಪನ ಹಿಂದೆ ನಡೆದಳು. ಅದರ ಮುಂದಿನ ವರ್ಷ ಅಪ್ಪ ಕರೆಯಲು ಹೋಗಿ ಒಬ್ಬನೇ ಬಂದ. ಅದರ ಮುಂದಿನ ವರ್ಷವೂ. ಮದುವೆ, ಮುಂಜಿ, ಆಯಿಯ ಸಾವು, ಎಲ್ಲದಕ್ಕೂ ಬಂದಳು. ನಾನು ಧಾರವಾಡದಲ್ಲಿ ಎಂ.ಎ. ಓದುವಾಗ ಹುರಿದ ಶೇಂಗಾ ಕಳಿಸುತ್ತಿದ್ದಳು. ನನ್ನ ಮೇಲೆ ಪ್ರೀತಿ ಕಡಿಮೆಯಾದದ್ದನ್ನು ನಾನು ಕಾಣಲಿಲ್ಲ. ಪಂಚಮಿಗೆ ಮಾತ್ರ ಬರಲಿಲ್ಲ. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ಆ ಬೆಳಗಿನ ಬಗ್ಗೆ ನಾನಾಗಿ ಎಂದೂ ಮಾತೆತ್ತಲಿಲ್ಲ, ಮುಂದಿನ ಸಲ ಎತ್ತೋಣ ಎಂದುಕೊಳ್ಳುತ್ತಿದ್ದೆ. ಎರಡು ವರ್ಷದ ಹಿಂದೆ ಅತ್ತೆಯೂ ಹೋದಳು.

ನಮ್ಮ ಮನೆಯವರು ಕೆಟ್ಟವರಲ್ಲ. ಹೆಸರು ಎತ್ತದಿದ್ದರೆ ಗಾಯ ಮಾಯುತ್ತದೆ ಎಂದು ನಂಬಿದ್ದರು. ಆದರೂ ಇಷ್ಟು ವರ್ಷ ನಾನು ತಪ್ಪನ್ನು ಅವರ ಮೇಲೆ ಹಾಕಿ ನೆಮ್ಮದಿಯಾಗಿದ್ದೆ. ತಂಗಿ ಪಾಲು ಹೇಳಬೇಡ ಎಂದು ಅವ್ವ ನನ್ನ ಕಿವಿಯಲ್ಲಿ ಹೇಳಿದ್ದಳು ಎಂದೇ ದಿನಚರಿಯಲ್ಲಿದೆ. ಅತ್ತೆ ತೀರಿದ ಮೇಲೆ ಅವ್ವನನ್ನು ಕೇಳಿದೆ. “ನಾ ಏನೂ ಹೇಳಿದ್ದಿಲ್ಲ. ನೀನ ಬಿಟ್ಟಿ. ಶ್ಯಾಣ್ಯಾಕಿ ಅದಾಳ, ತಾನ ತಿಳಕೊಂಡಳು ಅಂತ ನಾನೂ ನಿಮ್ಮ ಆಯೀನೂ ಮಾತಾಡಿಕೊಂಡಿವಿ” ಎಂದಳು. ಮೆಚ್ಚುಗೆಯಿಂದಲೇ ಹೇಳಿದಳು. ಅವಳು ಹೇಳುವುದೇ ಖರೆ ಇದ್ದರೆ, ಆ ಮಾತು ಪೂರ್ತಿ ನನ್ನದು. ಹೆದರಿ ಬಿಟ್ಟೆನೋ, ಜಾಣೆ ಅನ್ನಿಸಿಕೊಳ್ಳಲು ಬಿಟ್ಟೆನೋ, ಸಾಲಿನಲ್ಲಿದ್ದವರ ನಗುವಿಗೆ ಅವಸರಪಟ್ಟೆನೋ...

ಆ ಅಳ್ಳಿನ ವಾಸನೆ ಬಂದ ಮೇಲೆ, ಕಳೆದ ಭಾನುವಾರ ಸಾವಳಗಿಗೆ ಹೋಗಿದ್ದೆ. ಅತ್ತೆಯ ಗಂಡ, ನನ್ನ ಮಾಮಾ, ಈಗ ತಮ್ಮನ ಸಂಸಾರದ ಜೊತೆ ಇದ್ದಾರೆ. ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ, “ನಿಮ್ಮತ್ತಿ ಇದ್ದಿದ್ರ ನಿನ್ನ ಉಣಿಸದ ಬಿಡತಿದ್ದಿಲ್ಲ” ಎಂದರು. ಕೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಕೇಳಿದೆ. ಅವರು ಹೌದು ಎಂದರೆ, ನನ್ನ ಮಾತಿನಿಂದ ಏನೂ ಮುಗಿದಿರಲಿಲ್ಲ ಎಂದಾಗುತ್ತದೆ. ಇದನ್ನು ಅತ್ತೆಗಾಗಿ ಕೇಳಿದೆನೋ, ನನಗಾಗಿಯೋ, ಹೆಂಡತಿ ಮಗಳು ಇಬ್ಬರನ್ನೂ ಕಳೆದುಕೊಂಡ ಮನುಷ್ಯನನ್ನು ಕೇಳಬಹುದಿತ್ತೋ ಇಲ್ಲವೋ, ಈಗಲೂ ತಿಳಿಯದು.

ಮಾಮಾ ಬಸಿಯಲ್ಲಿದ್ದ ಚಹಾವನ್ನು ಕುಡಿಯದೆ ಕಟ್ಟೆಯ ಮೇಲಿಟ್ಟರು. “ಬಸ್ಸಿನ ಹೊತ್ತಾತು ನೋಡು” ಎಂದು ಎದ್ದರು. ನಿಲ್ದಾಣದವರೆಗೆ ಬಂದು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದರು. ಆಮೇಲೆ ಒಂದು ಸಲ ಫೋನು ಮಾಡಿ ಮಳೆಯ ಬಗ್ಗೆ, ಕಬ್ಬಿನ ಬಗ್ಗೆ ಮಾತಾಡಿದರು. ನಾನು ಮತ್ತೆ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೇಳಿದ್ದು ಇಷ್ಟೇ:

“ಮಾಮಾ, ಅತ್ತಿ ಇಲ್ಲಿ ಹಾಲ ಎರಿಯುವಾಗ, ನಿಮ್ಮ ಪಾಲ ಆದಮ್ಯಾಲ, ತಂಗಿ ಪಾಲ ಹೇಳತಿದ್ಲೇನ್ರೀ?”