ಎಡಗಣ್ಣಿನ ಅಭ್ಯಾಸ

ಮೊದಲು ಸೊಟ್ಟಗೆ ಕಂಡದ್ದು ಮೂರನೇ ಸಾಲು.

ನಾನು ಸೇನೆಯಲ್ಲಿ ಫೋಟೋಗ್ರಾಫರ್. ಪರೇಡ್, ತರಬೇತಿ, ಅಧಿಕಾರಿಗಳ ಭೇಟಿ, ತೀರಿಹೋದ ಜವಾನರಿಗೆ ಸಲ್ಲಿಸುವ ಕೊನೆಯ ನಮನ, ಎಲ್ಲವನ್ನೂ ಫೋಟೋ ಮತ್ತು ವಿಡಿಯೋದಲ್ಲಿ ಹಿಡಿದಿಡುವುದು ಹದಿನೆಂಟು ವರ್ಷಗಳಿಂದ ನನ್ನ ಕೆಲಸ. ಅವತ್ತು ಹೊಸ ಹುಡುಗರ ಪರೇಡಿನ ರಿಹರ್ಸಲ್ ಇತ್ತು. ವ್ಯೂಫೈಂಡರಿನಲ್ಲಿ ಮೂರನೇ ಸಾಲಿನ ನಡುಭಾಗ ಉಬ್ಬಿದಂತೆ ಕಂಡಿತು. ಡ್ರಿಲ್ ಕಲಿಸುವ ಸುಬೇದಾರರು ಅಥಣಿ ಕಡೆಯವರು. ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತೇವೆ. ಅವರಿಗೆ ಹೇಳಿದೆ. ಎರಡು ಸಲ ಸಾಲು ಸರಿಪಡಿಸಿದರು. ನನಗೆ ಆಗಲೂ ಉಬ್ಬೇ ಕಂಡಿತು. ಕೊನೆಗೆ ಹಗ್ಗ ತರಿಸಿ ಬೂಟುಗಳ ಮುಂದೆ ಆ ತುದಿಯಿಂದ ಈ ತುದಿಯವರೆಗೆ ಬಿಗಿಯಾಗಿ ಹಿಡಿಸಿದರು. ಒಂದು ಬೂಟೂ ಹಗ್ಗ ದಾಟಿರಲಿಲ್ಲ.

"ಲೇ ಹವಾಲ್ದಾರ, ನನ್ನ ಲೈನ್ ಸೊಟ್ಟ ಅಂದಾಂವ ಇಷ್ಟ ವರ್ಷದಾಗ ನೀ ಒಬ್ಬನ ನೋಡು," ಎಂದರು. "ಮೊದಲ ನಿನ್ನ ಲೆನ್ಸ್ ದವಾಖಾನಿಗೆ ಹಾಕ."

ನಾನು ಲೆನ್ಸನ್ನೇ ದವಾಖಾನೆಗೆ ಹಾಕಿದೆ.

ಲೆನ್ಸ್ ಬದಲಿಸಿದೆ. ಸೆನ್ಸರ್ ಸ್ವಚ್ಛ ಮಾಡಿಸಿದೆ. ಕ್ಯಾಮೆರಾ ಕೆಟ್ಟಿದೆ ಎಂದು ವರದಿ ಬರೆದು ರಿಪೇರಿಗೆ ಕಳಿಸಿದೆ. ದೋಷವಿಲ್ಲ ಎಂಬ ಚೀಟಿಯೊಂದಿಗೆ ಬಂತು. ಮತ್ತೆ ಕಳಿಸಿದೆ. ಹೀಗೆ ಮೂರು ವಾರ ಹೋದವು. ಇದು ನನ್ನ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು ಎಂದು ಈಗ ಅನಿಸುತ್ತದೆ. ನಾನು ಲೋಕವನ್ನು ನೋಡಿದ್ದು ಬಲಗಣ್ಣನ್ನು ಕ್ಯಾಮೆರಾಗೆ ಒತ್ತಿ, ಎಡಗಣ್ಣು ಮುಚ್ಚಿ. ಅಲ್ಲಿ ತಪ್ಪು ಕಂಡರೆ ಅದು ಯಂತ್ರದ್ದೇ. ಕ್ಯಾಮೆರಾ ಇಳಿಸಿದ ಕೂಡಲೇ ಎರಡೂ ಕಣ್ಣು ತೆರೆಯುತ್ತಿದ್ದವು, ಎಡಗಣ್ಣು ಬಲಗಣ್ಣಿನ ಕೊರತೆಯನ್ನು ತುಂಬಿಬಿಡುತ್ತಿತ್ತು. ಹಾಗಾಗಿ ತೆಗೆದ ಚಿತ್ರಗಳಲ್ಲಿ ಸಾಲು ನೆಟ್ಟಗೆ ಕಂಡರೂ, ದೋಷ ವ್ಯೂಫೈಂಡರಿನದು ಎಂದೇ ನಂಬಿದೆ.

ಒಂದು ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವಾಗ ಎಡಗಣ್ಣಿಗೆ ಸೋಪು ಹೋಯಿತು. ಬಲಗಣ್ಣಿನಿಂದ ಕನ್ನಡಿ ನೋಡಿದೆ.

ಕನ್ನಡಿಯಲ್ಲಿ ನನಗೆ ಮೂಗಿರಲಿಲ್ಲ.

ಕಣ್ಣಿನ ಡಾಕ್ಟರ್ ನನಗಿಂತ ಚಿಕ್ಕವರು. ಸ್ಕ್ಯಾನ್ ಮಾಡಿ ಪರದೆಯನ್ನು ನನ್ನತ್ತ ತಿರುಗಿಸಿದರು. ಮ್ಯಾಕ್ಯುಲರ್ ಹೋಲ್. ರೆಟಿನಾದ ನಟ್ಟನಡುವೆ, ನಾವು ಯಾವುದನ್ನು ದಿಟ್ಟಿಸುತ್ತೇವೋ ಅದು ಬೀಳುವ ಜಾಗದಲ್ಲೇ ಒಂದು ತೂತು. ಸಾಮಾನ್ಯವಾಗಿ ಅರವತ್ತರ ಆಸುಪಾಸಿನಲ್ಲಿ ಬರುತ್ತದೆ, ನಿಮಗೆ ಮೂವತ್ತೊಂಬತ್ತು, ಕಣ್ಣಿಗೆ ಎಂದಾದರೂ ಪೆಟ್ಟಾಗಿತ್ತೇ ಎಂದು ಕೇಳಿದರು. ಆಗಿತ್ತು ಎಂದೆ. ಎರಡು ವರ್ಷದ ಹಿಂದೆ ವಿಡಿಯೋ ಮಾಡುತ್ತಿದ್ದಾಗ ಜೀಪು ಗುಂಡಿಗೆ ಬಿದ್ದು ಕ್ಯಾಮೆರಾ ಕಣ್ಣಿಗೆ ಬಡಿದಿತ್ತು. ಅವರು ಫೈಲಿನಲ್ಲಿ ಬರೆದುಕೊಂಡರು. ನನ್ನ ನೆನಪು ಸರಕಾರಿ ದಾಖಲೆಯಾಯಿತು.

ಆದರೆ ಬಡಿದದ್ದು ಕಣ್ಣಿಗೋ, ಹಣೆಗೋ? ಆ ವಿಡಿಯೋ ಹುಡುಕಿ ನೋಡಿದೆ. ಫ್ರೇಮು ಕುಲುಕುವುದು ಕಾಣುತ್ತದೆ, ನಾನು ಕಾಣುವುದಿಲ್ಲ. ಪಕ್ಕದಲ್ಲಿದ್ದ ಗೆಳೆಯ, ನೀನು ಹಣೆ ಉಜ್ಜಿಕೊಂಡು ನಕ್ಕಿದ್ದೆ ಎನ್ನುತ್ತಾನೆ. ಧಾರವಾಡದಲ್ಲಿ ಇತಿಹಾಸ ಓದುವಾಗ ಕಲಿತದ್ದರಲ್ಲಿ ಉಳಿದಿರುವುದು ಒಂದೇ: ಸಾಕ್ಷಿಗೂ ಸ್ವಾರ್ಥವಿರುತ್ತದೆ. ಕರ್ತವ್ಯದಲ್ಲಿ ಆದ ಗಾಯವಾದರೆ ಮುಂದೆ ಪರಿಹಾರ, ಪೆನ್ಶನ್ನಿಗೆ ಅನುಕೂಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಕಣ್ಣು ಎಂದು ನೆನಪಾಯಿತೇ?

ಕಣ್ಣು ಹೋಗುತ್ತದೆಯೇ ಎಂದು ನಾನು ಅವತ್ತು ಕೇಳಲಿಲ್ಲ. ಕ್ಯಾಮೆರಾ ಹೋಗುತ್ತದೆಯೇ ಎಂದು ಕೇಳಿದೆ. ಅದನ್ನು ಮೆಡಿಕಲ್ ಬೋರ್ಡ್ ಹೇಳುತ್ತದೆ ಎಂದರು ಡಾಕ್ಟರ್.

ಪುಣೆಯಲ್ಲಿ ಆಪರೇಶನ್ ಆಯಿತು. ಕಣ್ಣಿನೊಳಗೆ ಗ್ಯಾಸ್ ತುಂಬಿದರು. ಆ ಗುಳ್ಳೆ ತೂತನ್ನು ಒತ್ತಿಹಿಡಿಯಬೇಕು. ಅದಕ್ಕಾಗಿ ಏಳು ದಿನ ಮುಖ ಕೆಳಗೆ ಮಾಡಿಯೇ ಇರಬೇಕು. ಊಟ, ನಿದ್ದೆ, ಮಾತು, ಎಲ್ಲ ನೆಲ ನೋಡುತ್ತಲೇ. ಸಿಕ್ ಲೀವ್ ಮೇಲೆ ಕಾರಿನ ಹಿಂದಿನ ಸೀಟಿನಲ್ಲಿ ಬೋರಲಾಗಿ ನಮ್ಮೂರು ಕರೋಶಿಗೆ ಬಂದೆ.

ದಿಂಬಿನಲ್ಲಿ ಮುಖ ಹುದುಗಿಸಿದರೆ ಉಸಿರು ಕಟ್ಟುತ್ತಿತ್ತು. ಅವ್ವ ಒಂದು ತಾಸು ನೋಡಿದಳು. ಆಮೇಲೆ ಹಿತ್ತಲಿನ ಹೊರಸು ತಂದು, ತಲೆಯ ಕಡೆ ಹೆಣೆದಿದ್ದ ಹಗ್ಗ ಬಿಚ್ಚಿ ಮುಖ ಹಿಡಿಸುವಷ್ಟು ತೂತು ಮಾಡಿದಳು. ಅಂಚಿಗೆ ಹಳೆ ಸೀರೆ ಸುತ್ತಿದಳು. ಆಡು ಕಟ್ಟಿ ಪಳಗಿದ ಕೈ, ಒಂದು ಗಂಟೂ ಜಾರಲಿಲ್ಲ. ಏಳು ದಿನ ನಾನು ಆ ತೂತಿನಿಂದ ನೆಲದ ಫರಸಿಕಲ್ಲು ನೋಡಿದೆ. ಬಂದವರನ್ನು ಪಾದಗಳಿಂದ ಗುರುತಿಸಿದೆ.

ಎರಡನೇ ದಿನ ಅವ್ವ ಬಟ್ಟಲಲ್ಲಿ ಬಾಣಂತಿಯ ಎದೆಹಾಲು ತಂದಳು, ಕಣ್ಣಿಗೆ ಹಾಕಲು. ನನ್ನ ಹೆಂಡತಿ ಸುವರ್ಣಾಳ ಪಾದಗಳು ಹೊರಸಿಗೆ ಅಡ್ಡ ಬಂದು ನಿಂತವು.

"ಅತ್ತಿ, ಡಾಕ್ಟರ್ ಕೊಟ್ಟದ್ದ ಬಿಟ್ಟ ಒಂದ ಹನಿನೂ ಬೀಳಬಾರದ್ರಿ."

"ನಿನ್ನ ಗಂಡ ಹುಟ್ಟಿ ಎಂಟ ದಿನಕ್ಕ ಆ ಕಣ್ಣಿಗೆ ಹಾಲ ಹಾಕಿದಾಕಿ ನಾನ. ಅವತ್ತ ಯಾವ ಡಾಕ್ಟರ್ ಇದ್ದ?"

"ಆ ಕಣ್ಣ ಈಗ ಹಿಂಗಾಗೈತಿ ನೋಡ್ರಿ."

ಅವ್ವನ ಪಾದಗಳು ಹಿಂದಿರುಗಿದವು. ಆ ಹಾಲು ಆಮೇಲೆ ಏನಾಯಿತೋ ಗೊತ್ತಿಲ್ಲ.

ಕಬ್ಬೂರಿನಿಂದ ಸೋದರಮಾವ ಬಂದದ್ದು ಮೂರನೇ ದಿನ ಎಂದು ನನ್ನ ನೆನಪು. ಸುವರ್ಣಾ ಐದನೇ ದಿನ ಎನ್ನುತ್ತಾಳೆ. ಮಾಮಾ ಕೂಡ ಸೇನೆಯಲ್ಲಿದ್ದು ನಿವೃತ್ತರಾದವರು. ಬೆನ್ನಿನೊಂದಿಗೆ ಮಾತಾಡಲು ಬಂದಿಲ್ಲ ಎಂದುಕೊಂಡರೋ ಏನೋ, ಟವೆಲ್ ಹಾಸಿ ಹೊರಸಿನ ಕೆಳಗೆ ಅಂಗಾತ ಮಲಗಿಬಿಟ್ಟರು. ಎಪ್ಪತ್ತರ ಮನುಷ್ಯ. ಎಷ್ಟೋ ದಿನಗಳ ಮೇಲೆ ಒಂದು ಮುಖ ನೇರಕ್ಕೆ ಸಿಕ್ಕಿತು.

"ಏನಪಾ ಅಳಿಯಾ, ಬಾಂಬ್ ಹಾಕೂ ವಿಮಾನದಂಗ ಕಾಣಾಕತ್ತೀ." ಆಮೇಲೆ ಹೇಳಿದರು, "ಸಾಕಪಾ ಇನ್ನ. ಪೆನ್ಶನ್ ತಗೊ. ಚಿಕ್ಕೋಡ್ಯಾಗ ಸ್ಟುಡಿಯೋ ಹಾಕ. ಮದವಿ ಸೀಜನ್ನಿಗೆ ಕೈಗೆ ಬಿಡುವ ಇರೂದಿಲ್ಲ."

"ಮದವಿ ಫೋಟೋಕ್ಕ ಕಣ್ಣ ಬ್ಯಾಡೇನ ಮಾಮಾ?"

"ಅಲ್ಲಿ ಎಲ್ಲಾರೂ ಸೊಟ್ಟನ ನಿಂತಿರತಾರ. ಯಾರಿಗೆ ಗೊತ್ತಾಗತೈತಿ?"

ನಕ್ಕೆ. ನಗುವಾಗ ನೀರು ಜಾರಿ ಮಾಮಾನ ಹಣೆಯ ಮೇಲೆ ಬಿತ್ತು. ಡಾಕ್ಟರ್ ಕೊಟ್ಟ ಡ್ರಾಪ್ಸ್ ಎಂದೆ. ಅವರು ಒರೆಸಿಕೊಳ್ಳಲಿಲ್ಲ.

"ಇನ್ನೊಂದ ಕಣ್ಣ ಐತಿ ಮಾಮಾ. ನಾ ಪೆನ್ಶನ್ ತಗೊಳ್ಳೂದಿಲ್ಲ," ಎಂದೆ. ಸುವರ್ಣಾ ಹೇಳುವುದೇ ಬೇರೆ: ನಾನು ಅದನ್ನು ಹೇಳಿದ್ದು ಮಾಮಾ ಎದ್ದು ಹೋದ ಮೇಲಂತೆ, ಕಲ್ಲಿಗೆ. ಇರಬಹುದು. ಹೇಳಿದ್ದಂತೂ ನಿಜ.

ಎಂಟನೇ ದಿನ ತಲೆ ಎತ್ತಿದೆ. ಬಲಗಣ್ಣಿನಲ್ಲಿ ಗ್ಯಾಸಿನ ಗುಳ್ಳೆ ತುಳುಕುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿ, ಬಗ್ಗದೆ, ಭಾರ ಎತ್ತದೆ ಇದ್ದರೆ ಕ್ಯಾಮೆರಾ ಹಿಡಿಯಬಹುದೇ ಎಂದು ಕೇಳಿದೆ. ಹತ್ತು ದಿನ ತಡೆಯಿರಿ ಎಂದರು. ಹತ್ತು ದಿನ ತಡೆದೆ. ಹನ್ನೊಂದನೇ ದಿನ ನನ್ನ ಸ್ವಂತ ಹಳೆಯ ಕ್ಯಾಮೆರಾ ಹೊರತೆಗೆದೆ.

ಕ್ಯಾಮೆರಾ ಮಾಡಿದವರು ಬಲಗಣ್ಣಿನವರಿಗಾಗಿ ಮಾಡಿದ್ದಾರೆ. ಎಡಗಣ್ಣು ಇಟ್ಟರೆ ಮೂಗು ಹಿಂದಿನ ಪರದೆಗೆ ಒತ್ತುತ್ತದೆ, ಬಲಗೈ ಹೆಬ್ಬೆರಳು ಕೆನ್ನೆಗೆ ಚುಚ್ಚುತ್ತದೆ. ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡು, ಸಂಜೆ ಕಬ್ಬಿನ ಬದುವಿನ ಮೇಲೆ ಸಾಲಾಗಿ ಬರುವ ಅವ್ವನ ಆಡುಗಳನ್ನು ಹಿಡಿಯತೊಡಗಿದೆ. ಮೊದಲ ದಿನ ಬರೀ ಬಾಲಗಳು ಸಿಕ್ಕವು. ವಿಡಿಯೋ ಮಾಡುತ್ತ ನಡೆದು ಕಾಲುವೆಗೆ ಕಾಲಿಟ್ಟೆ. ಆಡಿನ ಫೋಟೋಕ್ಕೆ ಸರಕಾರ ಪಗಾರ ಕೊಡುತ್ತದೆಯೇ ಎಂದು ಅವ್ವ ಕೇಳಿದಳು. ಮರುದಿನ ನಾನು ಹೇಳದೆಯೇ ಆಡುಗಳನ್ನು ಎರಡು ಸಲ ಬದುವಿನ ಮೇಲೆ ಓಡಿಸಿದಳು. ಮೂರನೇ ವಾರದ ಹೊತ್ತಿಗೆ ಓಡುವ ಆಡಿನ ಕಣ್ಣು ಫೋಕಸ್ಸಿನಲ್ಲಿ ನಿಲ್ಲತೊಡಗಿತು.

ತೂತು ಮುಚ್ಚಿದೆ ಎಂದರು ಡಾಕ್ಟರ್. ಬಲಗಣ್ಣಿಗೆ ಚಾರ್ಟಿನ ಮೇಲಿನ ಎರಡು ಸಾಲು ಓದಲು ಬಂತು. ಮುಂದೆ ಇನ್ನೊಂದೋ ಎರಡೋ ಸಾಲು ಬರಬಹುದು, ಮೊದಲಿನಂತೆ ಆಗುವುದಿಲ್ಲ. ಆಮೇಲೆ ಬೋರ್ಡ್.

ನಮ್ಮ ಸೆಂಟರಿನ ಮಿಲಿಟರಿ ಆಸ್ಪತ್ರೆಯಲ್ಲೇ ಮೂವರು ಕುಳಿತಿದ್ದರು. ನಡುವಿನ ಕರ್ನಲ್ ಸಭ್ಯರು. ಸ್ಟೋರಿನ ಕೆಲಸ ಕೊಡಿಸಬಹುದು, ನೆರಳಿನಲ್ಲಿ ಕುಳಿತು ಸೇವೆ ಮುಗಿಸಬಹುದು ಎಂದರು. ಬೇಡ ಎಂದೆ. ಆಡಿನ ಚಿತ್ರಗಳ ಲಕೋಟೆ ಮುಂದಿಟ್ಟೆ. ಬೋರ್ಡ್ ನೋಡುವುದು ಕಣ್ಣನ್ನು, ಚಿತ್ರವನ್ನಲ್ಲ ಎಂದರು. ಆದರೂ ಲಕೋಟೆ ವಾಪಸ್ ಕೊಡುವ ಮೊದಲು ಒಂದನ್ನು ಹೊರಗೆಳೆದು ನೋಡಿದರು.

ಆಮೇಲೆ ಜೀಪಿನ ಪೆಟ್ಟಿನ ವಿಷಯ ಬಂತು. ಹೂಂ ಎಂದರೆ ಸಾಕಿತ್ತು.

ಖಾತ್ರಿ ಇಲ್ಲ ಸರ್, ಹಣೆಗೆ ಬಡಿದಿರಬಹುದು ಎಂದೆ. ಹಾಗೆ ಹೇಳಿದರೆ ಏನು ಕಳೆದುಕೊಳ್ಳುತ್ತೀರಿ ಗೊತ್ತೇ ಎಂದು ಕೇಳಿದರು. ಗೊತ್ತು ಎಂದೆ. ಧೈರ್ಯದಿಂದ ಹೇಳಿದೆನೋ ಜಂಬದಿಂದಲೋ ಈಗಲೂ ತಿಳಿಯದು. ನನಗೆ ಬೇಕಾದದ್ದು ಪರಿಹಾರವಲ್ಲ, ಕೆಲಸ. ಕಂಡದ್ದನ್ನಷ್ಟೇ ದಾಖಲಿಸುವ ಕೆಲಸ ಬೇಕೆನ್ನುವವನು ಕಾಣದ್ದನ್ನು ಬರೆಸಿ ಅದನ್ನು ಹೇಗೆ ಕೇಳಲಿ?

ಮಧ್ಯಾಹ್ನ ಕಾಗದ ಕೈಗೆ ಬಂತು. ಕಾಯಿಲೆಗೂ ಕರ್ತವ್ಯಕ್ಕೂ ಸಂಬಂಧವಿಲ್ಲ. ಆರು ತಿಂಗಳಿಗೆ ಕೆಳಗಿನ ಮೆಡಿಕಲ್ ಕೆಟಗರಿ, ಆಮೇಲೆ ಮರುಪರೀಕ್ಷೆ. ಎತ್ತರದ ಪ್ರದೇಶ ಬೇಡ. ರೈಫಲ್ ಫೈರಿಂಗ್ ಬೇಡ. ವಾಹನ ಓಡಿಸುವುದು ಬೇಡ.

ಕ್ಯಾಮೆರಾ ಬೇಡ ಎಂದು ಎಲ್ಲೂ ಇರಲಿಲ್ಲ. ಎಡಗಣ್ಣಿನಿಂದ ಮೂರು ಸಲ ಓದಿದೆ.

ಹೊರಗೆ ಬಂದು ಸುವರ್ಣಾಗೆ ಫೋನ್ ಮಾಡಿದೆ. ಅವಳು ಅಳಲಿಲ್ಲ. ಅವ್ವನನ್ನು ಕೂಗಿ ಹೇಳಿದ್ದು ಕೇಳಿಸಿತು. ಆಮೇಲೆ ಕೇಳಿದಳು.

"ಹಂಗಾರ ನಾಳಿಂದ ಡ್ಯೂಟಿ ಏನ್ರಿ?"

"ನಾಳಿ ಅಲ್ಲ," ಎಂದೆ. "ಇವತ್ತ ನಾಕ ಗಂಟೆಗೆ ಪರೇಡ್ ಐತಿ."