ಮಾವನವರಿಗೆ ನಾವು ಕಲಿಸಿದ ಮರಾಠಿ

ಗಂಜಿ ಹಾಕಿದ ಬಟ್ಟೆ ಇಸ್ತ್ರಿಯ ಕೆಳಗೆ ಕಾದಾಗ ಒಂದು ವಾಸನೆ ಏಳುತ್ತದಲ್ಲ, ಇವತ್ತು ಬೆಳಿಗ್ಗೆ ಅದು ಮೂಗಿಗೆ ಬಡಿದದ್ದೇ ತಡ, ನನ್ನ ಎದೆ ಮತ್ತೆ ಡವಡವ ಎಂದಿತು. ನಗಬೇಡಿ. ಎರಡು ವರ್ಷದ ಹಿಂದೆ ಹೀಗೇ ಮಾವನವರ ಬಿಳಿ ಟೋಪಿಗೆ ಇಸ್ತ್ರಿ ಹಾಕಿ, ಮೃತ್ಯುಪತ್ರದ, ಅಂದರೆ ಉಯಿಲಿನ, ನೋಂದಣಿಗೆ ಅವರನ್ನು ಹೊರಡಿಸಿದ್ದೆ. ನನ್ನ ಮದುವೆಯ ದಿನವೂ ಅಷ್ಟು ಗಡಿಬಿಡಿ ಮಾಡಿದವಳಲ್ಲ ನಾನು.

ಮಾವನವರಿಗೆ ಮರೆವಿನ ರೋಗ ಶುರುವಾಗಿ ಆಗ ವರ್ಷವಾಗಿತ್ತು. ಸೊಲ್ಲಾಪುರದ ಟಾವೆಲ್ ಅಂಗಡಿಯನ್ನು ಇಬ್ಬರು ಗಂಡುಮಕ್ಕಳಿಗೆ ಬಿಟ್ಟುಕೊಟ್ಟು, ಅಕ್ಕಲಕೋಟೆಯ ಮನೆಯಲ್ಲಿ ಮಗಳು ಸುನಂದಾಳ ಜೊತೆ ಇದ್ದರು. ನನ್ನ ಈ ನಾದಿನಿ ಮದುವೆಯಾಗಲಿಲ್ಲ. ಅಪ್ಪನ ಊಟ, ಸ್ನಾನ, ಗುಳಿಗೆ ಎಲ್ಲ ಅವಳದೇ. “ಈ ಮನಿ ನಮ್ಮ ಸುನಂದಾಂದು” ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು. ಕಾಗದದಲ್ಲಿ ಮಾತ್ರ ಒಂದಕ್ಷರವೂ ಇರಲಿಲ್ಲ. ಬದುಕಿರುವವರ ಎದುರು ಮೃತ್ಯುಪತ್ರ ಎಂಬ ಶಬ್ದ ತೆಗೆಯುವುದಾದರೂ ಹೇಗೆ ಹೇಳಿ? ನಾಲಿಗೆ ಕಚ್ಚಿಕೊಂಡು ಮುಂದೂಡುತ್ತಲೇ ಬಂದೆವು.

ಕೊನೆಗೆ ವಕೀಲರೇ ಗದರಿದರು. “ಮರಿವು ಬಂದೈತಿ ಅಂದ್ರ ತಿಳಿವಳಿಕಿ ಪೂರಾ ಹೋತು ಅಂತಲ್ರಿ. ಸಹಿ ಮಾಡೂ ಹೊತ್ತಿನ್ಯಾಗ ಏನ ಕೊಡಾಕತ್ತೀನಿ, ಯಾರಿಗಿ ಕೊಡಾಕತ್ತೀನಿ ಅಂತ ಅವರಿಗಿ ತಿಳದ್ರ ನಡೀತೈತಿ. ಆದ್ರ ಇನ್ನೂ ತಡಾ ಮಾಡಿದ್ರ ನನ್ನ ಕೈಯಾಗೂ ಏನೂ ಇಲ್ಲ. ನಾಳಿ ಮೊಮ್ಮಕ್ಕಳು ಪಾಲು ಕೇಳಿದ್ರ ಈಕಿ ಎಲ್ಲಿಗಿ ಹೋಗಬೇಕು?”

ಸುನಂದಾ ತಲೆ ತಗ್ಗಿಸಿ ಕೂತಿದ್ದಳು. ನನಗೆ ನಾಚಿಕೆಯಾಯಿತು.

ಮಾವನವರ ತಲೆ ತಿಳಿಯಾಗಿರುತ್ತಿದ್ದುದು ಬೆಳಗಿನ ಚಹಾದಿಂದ ಮಧ್ಯಾಹ್ನದ ಊಟದವರೆಗೆ. ಆ ಹೊತ್ತನ್ನೇ ಗೊತ್ತುಮಾಡಿಕೊಂಡೆವು. ಇನ್ನು ತಯಾರಿ. ಮನೆಯಲ್ಲಿ ನಾವು ಆಡುವುದು ಕನ್ನಡ. ಊರು ಮಹಾರಾಷ್ಟ್ರದ್ದಾದ್ದರಿಂದ ಕಾಗದ, ಕಚೇರಿ ಎಂದೊಡನೆ ಮಾತ್ರ ನಾಲಿಗೆ ತಾನಾಗಿ ಮರಾಠಿಗೆ ಹೊರಳುತ್ತದೆ. ನನ್ನ ಗಂಡ ಒಂದು ವಾರ ಅಕ್ಕಲಕೋಟೆಯಲ್ಲೇ ಠಿಕಾಣಿ ಹೂಡಿ, ಅಪ್ಪನಿಗೆ ಮರಾಠಿ ಪ್ರಶ್ನೋತ್ತರ ಉರು ಹೊಡೆಸಿದರು. ನಾನೇನು ಕಡಿಮೆ? ಮಾವ ತಡವರಿಸಿದಾಗಲೆಲ್ಲ ಅಡುಗೆಮನೆಯಿಂದಲೇ ತಪ್ಪು ತಿದ್ದುತ್ತಿದ್ದೆ.

ಆ ದಿನ ಬೆಳಿಗ್ಗೆ ಡಾಕ್ಟರು ಬಂದು ಮಾವನನ್ನು ಅರ್ಧ ಗಂಟೆ ಮಾತಾಡಿಸಿ, ತಿಳಿವಳಿಕೆ ಸರಿಯಿದೆ ಎಂದು ಬರೆದುಕೊಟ್ಟರು. ವಕೀಲರು, ಇಬ್ಬರು ಸಾಕ್ಷಿದಾರರು, ಹಿಂದೆ ನಾವೆಲ್ಲ, ಬೀಗರ ಮನೆಗೆ ಹೊರಟವರ ಹಾಗೆ ನೋಂದಣಿ ಕಚೇರಿಗೆ ನಡೆದೆವು. ಅಧಿಕಾರಿ ನಮ್ಮನ್ನು ಬಾಗಿಲ ಬಳಿಯೇ ನಿಲ್ಲಿಸಿ, ಮಾವನೊಬ್ಬರನ್ನೇ ಎದುರಿಗೆ ಕೂರಿಸಿಕೊಂಡರು.

“ಆಜೋಬಾ, ಘರ ಕೋಣಾಲಾ ದೇಣಾರ?” ಮನೆ ಯಾರಿಗೆ ಕೊಡುತ್ತೀರಿ ಎಂದು ಅವರ ಪ್ರಶ್ನೆ.

ಮಾವ ಅವರನ್ನೇ ನೋಡಿದರು. ಅಧಿಕಾರಿ ಇನ್ನೊಮ್ಮೆ ಕೇಳಿದರು. ಮಾವ ಟೋಪಿ ಸರಿಮಾಡಿಕೊಂಡರು, ಅಷ್ಟೇ. ಅಧಿಕಾರಿ ಕಾಗದಗಳನ್ನು ಒಟ್ಟುಮಾಡಿ ವಕೀಲರ ಕಡೆ ಸರಿಸಿದರು. ಸುನಂದಾ ನನ್ನ ಕೈ ಹಿಡಿದಳು. ಅಯ್ಯೋ, ಬೆಳಿಗ್ಗೆ ಡಾಕ್ಟರ ಎದುರು ಪಟಪಟ ಮಾತಾಡಿದವರಿಗೆ ಈಗ ಏನಾಯಿತು ಎಂದುಕೊಳ್ಳುವಾಗಲೇ ಹೊಳೆಯಿತು: ಡಾಕ್ಟರು ಮಾತಾಡಿಸಿದ್ದು ಕನ್ನಡದಲ್ಲಿ! ದೊಡ್ಡವರಾದ ಮೇಲೆ ಅಂಗಡಿಯಲ್ಲಿ ಕಲಿತ ಮರಾಠಿಯನ್ನು ರೋಗ ಮೊದಲು ಒಯ್ದಿತ್ತು. ನಾವು ಜಾಣರು ಅದರಲ್ಲೇ ಪರೀಕ್ಷೆಗೆ ಕೂರಿಸಿದ್ದೆವು.

“ಸಾಹೇಬ್ರ, ಕನ್ನಡದಾಗ ಕೇಳ್ರಿ!” ಎಂದು ಕೂಗಿಯೇಬಿಟ್ಟೆ. ಮಾವನೆದುರು ನಾನು ದನಿಯೆತ್ತಿದ್ದು ಅದೇ ಮೊದಲು.

ಅಧಿಕಾರಿ ನಕ್ಕರು. “ನಮ್ಮವ್ವನ ಊರು ತಡವಳ ಐತ್ರಿ, ಅಕಿದೂ ಕನ್ನಡನ” ಎಂದವರೇ ಮಾವನತ್ತ ಬಾಗಿದರು. “ಅಜ್ಜಾರ, ಮನಿ ಯಾರಿಗಿ ಕೊಡ್ತೀರಿ?”

“ಸುನಂದಾಗ. ಹುಡುಗ್ರಿಗಿ ಅಂಗಡಿ ಕೊಟ್ಟೀನಿ. ಅಕಿ ನನ್ನ ನೋಡಕೊಳ್ಳಾಕತ್ತಾಳ, ಅಕಿಗಿ ನೆರಳು ಬ್ಯಾಡೇನು?”

“ಯಾರರೆ ಜುಲುಮಿ ಮಾಡ್ಯಾರೇನ್ರಿ?”

“ಮಾಡ್ಯಾರಲ್ರಿ! ಎಂಟ ದಿನಾ ಆತು, ಮರಾಠಿ ಕಲಸಾಕತ್ತಾರ!”

ಕಚೇರಿಯೇ ಗೊಳ್ಳೆಂದಿತು. ನನ್ನ ಗಂಡನ ಮುಖವನ್ನು ನೀವು ನೋಡಬೇಕಿತ್ತು! ವಕೀಲರು ಪತ್ರವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದರು. ಮಾವ ಒಂದೊಂದಕ್ಕೂ ಹೂಂಗುಟ್ಟಿ ಸಹಿ ಮಾಡಿದರು. ಹೊರಗೆ ಬಂದಾಗ ನಾವು ಕುಣಿಯುವುದೊಂದು ಬಾಕಿಯಿತ್ತು.

ಹೋದ ತಿಂಗಳು ನಾನೂ ನನ್ನ ಗಂಡನೂ ನಮ್ಮ ಮೃತ್ಯುಪತ್ರ ಬರೆಸಿದೆವು, ನಾಲಿಗೆ ಕಚ್ಚಿಕೊಳ್ಳದೆ. ಇವತ್ತು ಮಾವನನ್ನು ನೋಡಲು ಅಕ್ಕಲಕೋಟೆಗೆ ಬಂದಿದ್ದೇನೆ. ಅವರಿಗೆ ಈಗ ಹೆಸರೂ ನಿಲ್ಲುವುದಿಲ್ಲ, ಮುಖವೂ ನಿಲ್ಲುವುದಿಲ್ಲ. ಈಗಷ್ಟೇ ಸುನಂದಾ ಚಹಾ ತಂದಾಗ ಎದ್ದು ನಿಂತು, ಪರ ಊರಿನವರ ಹಾಗೆ ಕೈಮುಗಿದರು.

“ಬಾಯಾರ, ಇವತ್ತೊಂದ ದಿನಾ ನಿಮ್ಮ ಮನ್ಯಾಗ ಇರಲೇನ್ರಿ?”

ಸುನಂದಾ ಅವರ ಮುಗಿದ ಕೈಗಳನ್ನು ಬಿಡಿಸಿ ಕಪ್ಪು ಹಿಡಿಸಿದಳು.

“ಇರ್ರಿ ಅಪ್ಪಾ. ಎಷ್ಟ ದಿನಾ ಬೇಕಾದ್ರೂ ಇರ್ರಿ.”